‘ಬೈ’ (ಖರೀದಿ) ಗುಂಡಿ ಒತ್ತಿದರೆ ಸಿನಿಮಾ ನಿಮ್ಮದಾಗುತ್ತದೆಯೇ? ಸ್ಟ್ರೀಮಿಂಗ್ ಮತ್ತು ಡಿಸ್ಕ್‌ನ ಒಳಲೆಕ್ಕ

2025ರ ಫೆಬ್ರುವರಿ 14ರಂದು ಜಿಯೊಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಅದೇ ವರ್ಷ ಜೂನ್ 17ರಿಂದ ಅಮೆಜಾನ್ ಪ್ರೈಮ್ ವಿಡಿಯೊ ಭಾರತದಲ್ಲಿ ಚಂದಾ ಕಟ್ಟಿದವರಿಗೂ ಜಾಹೀರಾತು ತೋರಿಸತೊಡಗಿತು; ಜಾಹೀರಾತು ಬೇಡವೆನ್ನುವವರು ವರ್ಷಕ್ಕೆ 699 ರೂಪಾಯಿ ಬೇರೆ ಕಟ್ಟಬೇಕಾಯಿತು. ಇತ್ತ ಡಿಸ್ಕ್‌ಗಳ ಕಡೆಯೂ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ರಂದು ಕೊನೆಯ ಡಿಸ್ಕ್ ರವಾನಿಸಿತು. 2024ರ ಕೊನೆಗೆ ಎಲ್‌ಜಿ ಬ್ಲೂ-ರೇ ಪ್ಲೇಯರ್‌ಗಳನ್ನು ಕೈಬಿಟ್ಟಿತು. 2025ರ ಫೆಬ್ರುವರಿಯಲ್ಲಿ ಸೋನಿ, ನಾವೇ ಬರೆದುಕೊಳ್ಳಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆ ನಿಲ್ಲಿಸಿತು.

ಹೀಗಾಗಿ ಸಿನಿಮಾಪ್ರಿಯರ ಮಾತಿನಲ್ಲಿ ಹಳೆಯ ಪ್ರಶ್ನೆಯೊಂದು ಮತ್ತೆ ಬರುತ್ತಿದೆ. ಎಲ್ಲವೂ ಒಟಿಟಿಯಲ್ಲಿ ಸಿಗುವಾಗ ಡಿಸ್ಕ್ ಯಾಕೆ ಇಟ್ಟುಕೊಳ್ಳಬೇಕು? ಡಿಸ್ಕ್‌ನಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ ಎನ್ನುವುದು ನಿಜವೋ, ಹಳಬರ ಅಭಿಮಾನವೋ? ಉತ್ತರಕ್ಕೆ ಮೂರು ವಿಷಯ ಗೊತ್ತಿರಬೇಕು: ಸಿನಿಮಾವನ್ನು ಹೇಗೆ ಕುಗ್ಗಿಸುತ್ತಾರೆ, ಅದು ನಮ್ಮ ಪರದೆಗೆ ಯಾವ ದಾರಿಯಲ್ಲಿ ಬರುತ್ತದೆ, ಹಣ ಕೊಟ್ಟ ಮೇಲೆ ಅದರ ಮೇಲೆ ನಮಗೆ ಯಾವ ಹಕ್ಕಿರುತ್ತದೆ.

ಡಿಸ್ಕ್‌ನೊಳಗೆ ಏನಿದೆ

ಸಿ.ಡಿ., ಡಿವಿಡಿ, ಬ್ಲೂ-ರೇ ಮೂರೂ ಅಳತೆಯಲ್ಲಿ ಒಂದೇ. 12 ಸೆಂ.ಮೀ. ಅಗಲ, 1.2 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಬಿಲ್ಲೆ. ಒಳಗೆ ಕನ್ನಡಿಯಂತೆ ಹೊಳೆಯುವ ತೆಳುವಾದ ಲೋಹದ ಪದರ, ಸಾಮಾನ್ಯವಾಗಿ ಅಲ್ಯೂಮಿನಿಯಂ. ಆ ಪದರದಲ್ಲಿ ಸುರುಳಿಯಾಗಿ ಸಾಗುವ ಒಂದೇ ಉದ್ದನೆಯ ಸಾಲಿನಲ್ಲಿ ಕಣ್ಣಿಗೆ ಕಾಣದ ಕುಳಿಗಳು. ಪ್ಲೇಯರ್‌ನ ಲೇಸರ್ ಬೆಳಕು ಕುಳಿಯಿದ್ದಲ್ಲಿ ಒಂದು ರೀತಿ, ಸಮತಟ್ಟಾದಲ್ಲಿ ಇನ್ನೊಂದು ರೀತಿ ಪ್ರತಿಫಲಿಸುತ್ತದೆ. ಆ ಏರಿಳಿತವನ್ನೇ ಯಂತ್ರ ಸೊನ್ನೆ ಮತ್ತು ಒಂದುಗಳಾಗಿ ಓದಿಕೊಳ್ಳುತ್ತದೆ. ಡಿವಿಡಿಯ ಒಂದು ಪದರದ ಸುರುಳಿಯನ್ನು ಬಿಡಿಸಿ ನೇರಕ್ಕೆ ಎಳೆದರೆ ಸುಮಾರು 12 ಕಿ.ಮೀ. ಉದ್ದವಾದೀತು.

ಮೂರಕ್ಕೂ ಇರುವ ವ್ಯತ್ಯಾಸ ಲೇಸರ್‌ನ ಮೊನೆಯದು. ದಪ್ಪ ಮಾರ್ಕರ್‌ನಲ್ಲಿ ಬರೆದರೆ ಒಂದು ಹಾಳೆಯಲ್ಲಿ ಹತ್ತು ಸಾಲು ಹಿಡಿದೀತು, ಚೂಪಾದ ಪೆನ್ಸಿಲ್‌ನಲ್ಲಿ ಬರೆದರೆ ನಲವತ್ತು. ಸಿ.ಡಿ.ಯ ಲೇಸರ್ 780 ನ್ಯಾನೊಮೀಟರ್‌ನ ಅವಕೆಂಪು, ಡಿವಿಡಿಯದು 650ರ ಕೆಂಪು, ಬ್ಲೂ-ರೇಯದು 405ರ ನೀಲಿ-ನೇರಳೆ. ಬೆಳಕಿನ ಅಲೆ ಗಿಡ್ಡವಾದಷ್ಟೂ ಕುಳಿಗಳನ್ನು ಒತ್ತೊತ್ತಾಗಿ ಬರೆಯಬಹುದು. ಆದ್ದರಿಂದಲೇ ಅದೇ ಬಿಲ್ಲೆಯಲ್ಲಿ ಸಿ.ಡಿ. 700 ಎಂಬಿ, ಡಿವಿಡಿ ಒಂದು ಪದರಕ್ಕೆ 4.7 ಜಿಬಿ ಮತ್ತು ಎರಡು ಪದರಕ್ಕೆ 8.5 ಜಿಬಿ, ಬ್ಲೂ-ರೇ ಪದರಕ್ಕೆ 25 ಜಿಬಿಯಂತೆ 50 ಜಿಬಿ ಹಿಡಿಯುತ್ತದೆ. ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಗಳ ಚಿತ್ರಕ್ಕಾಗಿ 2016ರಲ್ಲಿ ಬಂದ 4ಕೆ ಬ್ಲೂ-ರೇ 100 ಜಿಬಿವರೆಗೂ ಹೋಗುತ್ತದೆ.

ಸುರುಳಿ ಒಳಗಿನಿಂದ ಶುರುವಾಗಿ ಅಂಚಿನ ಕಡೆಗೆ ಸಾಗುತ್ತದೆ. ನಾವು ಡಿಸ್ಕ್ ಹಿಡಿಯುವಾಗ ಬೆರಳು ತಾಗುವುದೂ ಅಂಚಿನ ಹತ್ತಿರವೇ. ಸಿನಿಮಾ ಎರಡು ಗಂಟೆ ಸರಾಗವಾಗಿ ಓಡಿ ಕ್ಲೈಮ್ಯಾಕ್ಸ್‌ಗೆ ಬಂದಾಗಲೇ ಸಿಕ್ಕಿಕೊಳ್ಳುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಎರಡು ಪದರದ ಡಿವಿಡಿಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಲೇಸರ್ ಮೊದಲ ಪದರದಲ್ಲಿ ಅಂಚಿನವರೆಗೆ ಹೋಗಿ, ಅಲ್ಲಿಂದ ಎರಡನೆಯ ಪದರಕ್ಕೆ ದಾಟಿ ಒಳಮುಖವಾಗಿ ವಾಪಸು ಬರುತ್ತದೆ. ಹೀಗಾಗಿ ಅಂಚು ಕೆಟ್ಟರೆ ಪೆಟ್ಟು ಬೀಳುವುದು ಇಂಟರ್ವಲ್‌ನ ಆಸುಪಾಸಿನ ದೃಶ್ಯಗಳಿಗೆ. ಚಿತ್ರದ ನಡುವೆ ಅರೆಕ್ಷಣ ನಿಂತು ಮುಂದೆ ಹೋದರೆ ಅದು ದೋಷವಲ್ಲ, ಪದರ ದಾಟುವ ಹೊತ್ತು.

ಲೆಕ್ಕದ ಪುಸ್ತಕದ ‘ಸದರಿ’

ಫುಲ್ ಎಚ್‌ಡಿ ಚಿತ್ರದ ಒಂದು ಚೌಕಟ್ಟಿನಲ್ಲಿ (ಫ್ರೇಮ್) 1920 ಗುಣಿಸು 1080, ಅಂದರೆ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ. ಒಂದೊಂದು ಚುಕ್ಕಿಯ ಬಣ್ಣಕ್ಕೂ ಮೂರು ಬೈಟ್ ಇಟ್ಟರೆ ಚೌಕಟ್ಟಿಗೆ 6.2 ಎಂಬಿ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಎರಡೂವರೆ ಗಂಟೆಯ ಸಿನಿಮಾಕ್ಕೆ ಬೇಕಾಗುವುದು ಸುಮಾರು 1,340 ಜಿಬಿ. ಇಷ್ಟು ದೊಡ್ಡದು ಯಾವ ಡಿಸ್ಕ್‌ನಲ್ಲೂ ಹಿಡಿಯದು, ಯಾವ ಮನೆಯ ಇಂಟರ್ನೆಟ್‌ನಲ್ಲೂ ಹರಿಯದು. ಕುಗ್ಗಿಸಲೇಬೇಕು.

ಕುಗ್ಗಿಸುವ ಉಪಾಯವನ್ನು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ನೋಡಬಹುದು. ಮೇಲಿನ ಸಾಲಿನಲ್ಲಿದ್ದುದೇ ಕೆಳಗೂ ಬಂದರೆ ಗುಮಾಸ್ತರು ಪೂರ್ತಿ ಬರೆಯದೆ ‘ಸದರಿ’ ಎಂದು ಹಾಕಿ, ಬದಲಾದ ಅಂಕಿಯನ್ನಷ್ಟೇ ಬರೆಯುತ್ತಾರೆ. ವಿಡಿಯೊದಲ್ಲೂ ಅದೇ ಕ್ರಮ. ಆಗಾಗ ಒಂದು ಚೌಕಟ್ಟನ್ನು ಪೂರ್ತಿಯಾಗಿ ಇಟ್ಟುಕೊಳ್ಳುತ್ತಾರೆ. ಮುಂದಿನ ಚೌಕಟ್ಟುಗಳಿಗೆ ‘ಗೋಡೆ ಸದರಿ, ಕಿಟಕಿ ಸದರಿ, ನಾಯಕಿಯ ಕೈ ಮಾತ್ರ ಎರಡು ಚುಕ್ಕಿ ಬಲಕ್ಕೆ’ ಎಂಬಷ್ಟೇ ಬರಹ. ಜೊತೆಗೆ ಕಣ್ಣು ಸುಲಭಕ್ಕೆ ಗುರುತಿಸಲಾರದ ಸೂಕ್ಷ್ಮ ಬಣ್ಣಭೇದಗಳನ್ನು ಬಿಟ್ಟುಬಿಡುತ್ತಾರೆ. ಬಿಟ್ಟದ್ದು ಮತ್ತೆ ಬರುವುದಿಲ್ಲ.

ಎಲ್ಲಿ ‘ಸದರಿ’ ಬರೆಯಲಾಗುವುದಿಲ್ಲವೋ ಅಲ್ಲಿ ಈ ಉಪಾಯ ಸೋಲುತ್ತದೆ. ಮಳೆ ಹಾಡು, ಓಕುಳಿ, ಜೋಗದಂಥ ಧುಮುಕುವ ನೀರು, ಹೊಗೆ, ಜಾತ್ರೆಯ ಜನಸಾಗರ: ಇಲ್ಲೆಲ್ಲ ಒಂದೊಂದು ಚೌಕಟ್ಟಿನಲ್ಲೂ ಎಲ್ಲವೂ ಬದಲಾಗುತ್ತದೆ. ಬರೆಯಲು ಜಾಗ ಸಾಲದಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಇನ್ನೊಂದು ಕಷ್ಟದ ಜಾಗ ಕತ್ತಲೆಯ ದೃಶ್ಯ. ಕಪ್ಪಿನಿಂದ ಬೂದಿಗೆ ನುಣ್ಣಗೆ ಸಾಗಬೇಕಾದ ನೆರಳು ಮೆಟ್ಟಿಲು ಮೆಟ್ಟಿಲಾಗಿ ಕಾಣತೊಡಗುತ್ತದೆ. ಹಳೆಯ ಫಿಲ್ಮಿನಲ್ಲಿ ಸಹಜವಾಗಿರುವ ಸಣ್ಣ ಮರಳಿನಂಥ ಕಣವೂ ಮೊದಲು ಕಳೆದುಹೋಗುವ ವಸ್ತುಗಳಲ್ಲೊಂದು. ಆಗ ಮುಖಗಳು ಮೇಣ ಬಳಿದ ಹಾಗೆ ಕಾಣುತ್ತವೆ.

ಆದ್ದರಿಂದ ಮುಖ್ಯವಾದ ಅಂಕಿ ಸೆಕೆಂಡಿಗೆ ಎಷ್ಟು ದತ್ತಾಂಶ ಖರ್ಚು ಮಾಡುತ್ತಾರೆ ಎನ್ನುವುದು. ಇದನ್ನು ಬಿಟ್‌ರೇಟ್ ಎನ್ನುತ್ತಾರೆ. ಡಿವಿಡಿಯಲ್ಲಿ ಚಿತ್ರಕ್ಕೆ ಗರಿಷ್ಠ 9.8 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್; ಎಂಟು ಬಿಟ್ ಸೇರಿ ಒಂದು ಬೈಟ್), ಬ್ಲೂ-ರೇಯಲ್ಲಿ 40, 4ಕೆ ಬ್ಲೂ-ರೇಯಲ್ಲಿ ಧ್ವನಿಯೂ ಸೇರಿ 128ರವರೆಗೆ. ಸ್ಟ್ರೀಮಿಂಗ್‌ಗೆ ನೆಟ್‌ಫ್ಲಿಕ್ಸ್ ಹೇಳುವ ಇಂಟರ್ನೆಟ್ ವೇಗ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15. ಎರಡೂವರೆ ಗಂಟೆಯ ಸಿನಿಮಾ 5 ಎಂಬಿಪಿಎಸ್‌ನಲ್ಲಿ 5.6 ಜಿಬಿ ಆಗುತ್ತದೆ. ಅದೇ ಸಿನಿಮಾ ಬ್ಲೂ-ರೇಯಲ್ಲಿ ಸರಾಸರಿ 25 ಎಂಬಿಪಿಎಸ್ ಇದ್ದರೆ 28 ಜಿಬಿ. ಒಂದೇ ಎಚ್‌ಡಿ ಎಂಬ ಹೆಸರಿನಡಿ ಐದು ಪಟ್ಟು ವ್ಯತ್ಯಾಸ.

ಇಷ್ಟಕ್ಕೆ ‘ಡಿಸ್ಕೇ ಮೇಲು’ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಡಿವಿಡಿ ಬಳಸುವುದು ಎಂಪೆಗ್-2 ಎಂಬ 1990ರ ದಶಕದ ಕುಗ್ಗಿಸುವ ವಿಧಾನ, ಅದರಲ್ಲಿರುವುದು 720 ಗುಣಿಸು 576 ಚುಕ್ಕಿಗಳು ಮಾತ್ರ. ಇಂದಿನ ಒಟಿಟಿಗಳು ಬಳಸುವ ಎಚ್.264, ಎಚ್.265, ಎವಿ1 ವಿಧಾನಗಳು ಅದೇ ಜಾಗದಲ್ಲಿ ಎಷ್ಟೋ ಹೆಚ್ಚು ವಿವರ ತುಂಬುತ್ತವೆ. ಒಳ್ಳೆಯ ಎಚ್‌ಡಿ ಸ್ಟ್ರೀಮ್ ಡಿವಿಡಿಗಿಂತ ಸ್ಪಷ್ಟವಾಗಿಯೇ ಮೇಲು. ಬ್ಲೂ-ರೇ ಆ ಸ್ಟ್ರೀಮ್‌ಗಿಂತ ಮೇಲು. ಸಿ.ಡಿ.ಯಲ್ಲೇ ಸಿನಿಮಾ ತುಂಬಿಸಿದ ವಿಸಿಡಿ ಇವೆಲ್ಲಕ್ಕಿಂತ ಕೆಳಗೆ: 352 ಗುಣಿಸು 288 ಚುಕ್ಕಿ, ಒಂದು ಡಿಸ್ಕ್‌ಗೆ 74 ನಿಮಿಷ, ಎರಡೂವರೆ ಗಂಟೆಯ ಚಿತ್ರಕ್ಕೆ ಮೂರು ಡಿಸ್ಕ್ ಬದಲಿಸಬೇಕಿತ್ತು. ಮೂಲ ಪ್ರತಿಯೇ ಮಾಸಿದ್ದರೆ ಬ್ಲೂ-ರೇಯೂ ಅದನ್ನು ಉಳಿಸಲಾರದು ಎನ್ನುವುದನ್ನೂ ನೆನಪಿಡಬೇಕು. ಆರು ಇಂಚಿನ ಮೊಬೈಲ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳದು. 55 ಇಂಚಿನ ಟಿವಿಯ ಮುಂದೆ ಎರಡು ಮೀಟರ್ ದೂರದಲ್ಲಿ ದೀಪ ಆರಿಸಿ ಕೂತರೆ, ರಾತ್ರಿಯ ದೃಶ್ಯ ಬಂದ ಕೂಡಲೇ ಬೀಳುತ್ತದೆ.

ಧ್ವನಿಯದು ಇನ್ನೂ ದೊಡ್ಡ ಅಂತರ. ಬ್ಲೂ-ರೇಯಲ್ಲಿ ಡಾಲ್ಬಿ ಟ್ರೂಎಚ್‌ಡಿ ಅಥವಾ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಇದ್ದರೆ ಸ್ಟುಡಿಯೊದ ಧ್ವನಿ ಒಂದು ಕಣವೂ ಕಳೆಯದೆ ಬರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಬರುವುದು ಸಾಮಾನ್ಯವಾಗಿ ಕುಗ್ಗಿಸಿದ ಡಾಲ್ಬಿ ಡಿಜಿಟಲ್ ಪ್ಲಸ್. ಟಿವಿಯ ಸ್ವಂತ ಸ್ಪೀಕರ್‌ನಲ್ಲಿ ಕೇಳುವವರಿಗೆ ಎರಡೂ ಒಂದೇ. ಸೌಂಡ್ ಸಿಸ್ಟಂ ಇಟ್ಟವರಿಗೆ ಗೊತ್ತಾಗುತ್ತದೆ.

ಮಾಳಿಗೆಯ ಟ್ಯಾಂಕ್ ಮತ್ತು ಸುತ್ತುವ ಚಕ್ರ

ಸ್ಟ್ರೀಮಿಂಗ್‌ನಲ್ಲಿ ಸಿನಿಮಾ ಒಂದೇ ಕಡತವಾಗಿ ಬರುವುದಿಲ್ಲ. ಅದನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿಟ್ಟಿರುತ್ತಾರೆ, ಪ್ರತಿ ತುಂಡಿಗೂ ಸಣ್ಣದರಿಂದ ದೊಡ್ಡದರವರೆಗೆ ಹಲವು ಆವೃತ್ತಿಗಳು. ನಿಮ್ಮ ಆ್ಯಪ್ ಒಂದು ತುಂಡು ಎಷ್ಟು ಬೇಗ ಬಂತು ಎಂದು ಅಳೆದು, ಮುಂದಿನದನ್ನು ಯಾವ ಗಾತ್ರದಲ್ಲಿ ತರಿಸಬೇಕೆಂದು ತಾನೇ ನಿರ್ಧರಿಸುತ್ತದೆ. ಬಂದ ತುಂಡುಗಳು ಮೊದಲು ಒಂದು ದಾಸ್ತಾನಿಗೆ ಬೀಳುತ್ತವೆ. ಇದೇ ಬಫರ್.

ಮನೆಯ ಮಾಳಿಗೆಯ ಟ್ಯಾಂಕ್ ನೆನಪಿಸಿಕೊಳ್ಳಿ. ನಲ್ಲಿಯಲ್ಲಿ ನೀರು ಬೀಳುತ್ತಿರುವುದು ಟ್ಯಾಂಕ್‌ನಿಂದ, ಬೀದಿಯ ಲೈನ್‌ನಿಂದ ನೇರವಾಗಿ ಅಲ್ಲ. ಲೈನ್‌ನಲ್ಲಿ ನೀರು ಕಡಿಮೆಯಾದರೆ ಮನೆಯವರು ಬಳಕೆ ತಗ್ಗಿಸುತ್ತಾರೆ. ಚಿತ್ರ ಇದ್ದಕ್ಕಿದ್ದಂತೆ ಮಸುಕಾಗುವುದು ಆ ಹಂತ. ಟ್ಯಾಂಕ್ ಬರಿದಾದರೆ ಪರದೆಯ ಮೇಲೆ ಚಕ್ರ ಸುತ್ತತೊಡಗುತ್ತದೆ. ತುಂಡುಗಳು ಅಮೆರಿಕದಿಂದ ಬರುತ್ತಿಲ್ಲ ಎನ್ನುವುದೂ ತಿಳಿದಿರಲಿ. ಹಾಲಿಗೆ ಡೇರಿಗೆ ಹೋಗದೆ ಬೀದಿಯ ನಂದಿನಿ ಬೂತ್‌ಗೆ ಹೋಗುವಂತೆ, ಜನ ಹೆಚ್ಚು ನೋಡುವ ಚಿತ್ರಗಳ ಪ್ರತಿಗಳನ್ನು ಇಂಟರ್ನೆಟ್ ಕಂಪನಿಗಳ ಕೇಂದ್ರಗಳಲ್ಲೇ ಇಟ್ಟಿರುತ್ತಾರೆ. ಆದ್ದರಿಂದ ಸಂಜೆ ಹೊತ್ತು ಚಕ್ರ ಸುತ್ತಿದರೆ ಮೊದಲು ಅನುಮಾನಿಸಬೇಕಾದ್ದು ಮನೆಯ ವೈಫೈಯನ್ನು. ಟಿವಿಗೂ ರೂಟರ್‌ಗೂ ನಡುವೆ ಎರಡು ಕಾಂಕ್ರೀಟ್ ಗೋಡೆಗಳಿದ್ದರೆ ಲ್ಯಾನ್ ಕೇಬಲ್ ಎಳೆಯುವುದು ಸರಳ ಪರಿಹಾರ. ಆಗದಿದ್ದರೆ ರೂಟರ್‌ನ 5 ಗಿಗಾಹರ್ಟ್ಸ್ ಸಂಪರ್ಕಕ್ಕೆ ಬದಲಿಸಿ, ರೂಟರನ್ನು ಅದೇ ಕೋಣೆಗೆ ತನ್ನಿ.

ವೇಗ ಸಾಕಷ್ಟಿದ್ದೂ ಚಿತ್ರ ಮಸುಕಾಗಿದ್ದರೆ ಕಾರಣ ಬೇರೆ ಕಡೆ ಇರುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ವೈಡ್‌ವೈನ್ ಎಂಬ ನಕಲುತಡೆ ಬೀಗವಿರುತ್ತದೆ. ಅದು ಎಲ್1 ಮಟ್ಟದ್ದಾದರೆ ಎಚ್‌ಡಿ ಸಿಗುತ್ತದೆ. ಎಲ್3 ಆಗಿದ್ದರೆ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಎಷ್ಟೇ ವೇಗದ ಇಂಟರ್ನೆಟ್ ಇದ್ದರೂ 480ಪಿಗಿಂತ ಮೇಲಕ್ಕೆ ಬಿಡುವುದಿಲ್ಲ. ನೆಟ್‌ಫ್ಲಿಕ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ಲೇಬ್ಯಾಕ್ ಸ್ಪೆಸಿಫಿಕೇಷನ್’ ತೆರೆದರೆ ನಿಮ್ಮ ಫೋನಿನ ಮಟ್ಟ ಕಾಣುತ್ತದೆ. ಟಿವಿಯಲ್ಲಿ 4ಕೆ ಬರಬೇಕಾದರೆ ಎಚ್‌ಡಿಎಂಐ ದಾರಿಯ ಪ್ರತಿ ಉಪಕರಣವೂ ಎಚ್‌ಡಿಸಿಪಿ 2.2 ಎಂಬ ಬೀಗವನ್ನು ಒಪ್ಪಬೇಕು. ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್‌ಗೂ ಟಿವಿಗೂ ನಡುವೆ ಹಳೆಯ ಆಂಪ್ಲಿಫೈಯರ್ ಇದ್ದರೆ ಚಿತ್ರ ಎಚ್‌ಡಿಗೆ ಇಳಿಯುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಚಂದಾ ಯೋಜನೆಯನ್ನೂ ನೋಡಿಕೊಳ್ಳಿ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಇರುವುದು ಅತಿ ದುಬಾರಿ ಯೋಜನೆಗೆ ಮಾತ್ರ.

ಫಸಲಿನ ಗುತ್ತಿಗೆ: ಸಿನಿಮಾ ಯಾಕೆ ಮಾಯವಾಗುತ್ತದೆ

ಕಳೆದ ತಿಂಗಳು ನೋಡಿದ ಚಿತ್ರ ಈ ತಿಂಗಳು ಹುಡುಕಿದರೆ ಇಲ್ಲ. ಇದಕ್ಕೆ ಕಾರಣ ತಾಂತ್ರಿಕವಲ್ಲ. ಮಾವಿನ ತೋಪಿನ ಒಡೆಯರು ತೋಪನ್ನು ಮಾರದೆ ಒಂದೆರಡು ಫಸಲನ್ನು ಮಾತ್ರ ಗುತ್ತಿಗೆಗೆ ಕೊಡುತ್ತಾರಲ್ಲ, ನಿರ್ಮಾಪಕರು ಒಟಿಟಿಗೆ ಕೊಡುವುದೂ ಅನೇಕ ಸಲ ಹಾಗೆಯೇ: ಇಷ್ಟು ವರ್ಷಕ್ಕೆ, ಇಂಥ ದೇಶಗಳಿಗೆ, ಇಂಥ ಭಾಷೆಗಳಲ್ಲಿ ತೋರಿಸುವ ಹಕ್ಕು. ಅವಧಿ ಮುಗಿದಾಗ ಗುತ್ತಿಗೆ ಮುಂದುವರಿಯದಿದ್ದರೆ ಚಿತ್ರ ಹೊರಬೀಳುತ್ತದೆ. ಅಮೆರಿಕದ ಎಚ್‌ಬಿಒ ವಾಹಿನಿಯ ಸರಣಿಗಳು ಭಾರತದಲ್ಲಿ ಹಾಟ್‌ಸ್ಟಾರ್ ಬಿಟ್ಟದ್ದು 2023ರ ಮಾರ್ಚ್ 31ಕ್ಕೆ. ಆಮೇಲೆ ಅವು ಜಿಯೊಸಿನಿಮಾಕ್ಕೆ ಬಂದವು, ಎರಡೂ ಒಂದಾದಾಗ ಮತ್ತೆ ಹಾಟ್‌ಸ್ಟಾರ್ ಹೆಸರಿನಡಿಗೇ ಸೇರಿದವು. ಇಷ್ಟರ ನಡುವೆ ವೀಕ್ಷಕರು ಎಲ್ಲೆಲ್ಲಿ ಚಂದಾ ಕಟ್ಟಬೇಕಾಯಿತು ಎಂಬುದನ್ನು ಲೆಕ್ಕ ಹಾಕಿ. ಹಕ್ಕು ದೇಶವಾರು ಹಂಚಿಕೆಯಾಗುವ ಕಾರಣಕ್ಕೇ ಬೆಂಗಳೂರಿನಲ್ಲಿ ಸಿಗುವ ಕನ್ನಡ ಚಿತ್ರ ಅದೇ ಆ್ಯಪ್‌ನಲ್ಲಿ ನ್ಯೂಜೆರ್ಸಿಯ ಕನ್ನಡಿಗರಿಗೆ ಕಾಣದೆ ಹೋಗುತ್ತದೆ.

ಚಂದಾ, ಬಾಡಿಗೆ, ‘ಖರೀದಿ’

ಆನ್‌ಲೈನ್‌ನಲ್ಲಿ ಸಿನಿಮಾಕ್ಕೆ ಹಣ ಕೊಡುವ ದಾರಿ ಮೂರು. ಚಂದಾ ಎಂದರೆ ಮೆಸ್ ಕಾರ್ಡ್‌ನ ಹಾಗೆ, ಇದ್ದಷ್ಟು ದಿನ ಅಲ್ಲಿ ಬಡಿಸಿದ್ದನ್ನು ಉಣ್ಣಬಹುದು. ಬಾಡಿಗೆ ಒಂದು ಚಿತ್ರಕ್ಕೆ. ಪ್ರೈಮ್ ವಿಡಿಯೊ, ಯೂಟ್ಯೂಬ್‌ಗಳಲ್ಲಿ ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ ಮೇಲೆ 48 ಗಂಟೆಯೊಳಗೆ ಮುಗಿಸಬೇಕು. ಈ ಎರಡರಲ್ಲಿ ಗೊಂದಲವಿಲ್ಲ.

ಗೊಂದಲವಿರುವುದು ಮೂರನೆಯದರಲ್ಲಿ. ‘ಬೈ’ ಎಂಬ ಗುಂಡಿ ಒತ್ತಿದಾಗ ಸಿಗುವುದು ಸಿನಿಮಾದ ಪ್ರತಿ ಅಲ್ಲ, ಆ ಅಂಗಡಿ ನಡೆಯುವವರೆಗೆ ಮತ್ತು ಅದರ ಬಳಿ ಹಕ್ಕು ಇರುವವರೆಗೆ ನೋಡಲು ಪರವಾನಗಿ. ನಮ್ಮಲ್ಲಿ ಭೋಗ್ಯಕ್ಕೆ ಮನೆ ಹಿಡಿಯುವ ಪದ್ಧತಿ ಎಲ್ಲರಿಗೂ ಗೊತ್ತು. ಮನೆ ನಮ್ಮದಲ್ಲ, ಆದರೂ ಇರಬಹುದು. ಒಂದು ದೊಡ್ಡ ವ್ಯತ್ಯಾಸವಿದೆ: ಭೋಗ್ಯ ಮುಗಿದಾಗ ಕೊಟ್ಟ ಇಡುಗಂಟು ವಾಪಸು ಬರುತ್ತದೆ. ಇಲ್ಲಿ ಹಾಗೆ ಬರುತ್ತದೆಂಬ ಖಾತರಿ ಇಲ್ಲ.

ಇದು ಬರೀ ಊಹೆಯ ಭಯವಲ್ಲ. ಹಲವು ಸ್ಟುಡಿಯೊಗಳು ಸೇರಿ ನಡೆಸುತ್ತಿದ್ದ ಅಲ್ಟ್ರಾವಯಲೆಟ್ ಎಂಬ ಡಿಜಿಟಲ್ ಸಿನಿಮಾ ಕಪಾಟು 2019ರ ಜುಲೈ 31ರಂದು ಮುಚ್ಚಿತು. 2022ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಸೋನಿಯ ಗೇಮ್ ಯಂತ್ರವಾದ ಪ್ಲೇಸ್ಟೇಷನ್‌ನ ಗ್ರಾಹಕರು ‘ಖರೀದಿಸಿದ್ದ’ ಸ್ಟುಡಿಯೊಕೆನಾಲ್ ಚಿತ್ರಗಳು ಅವರ ಖಾತೆಯಿಂದ ಹೊರಟುಹೋದವು. 2023ರ ಡಿಸೆಂಬರ್‌ನಲ್ಲಿ ಡಿಸ್ಕವರಿ ಕಾರ್ಯಕ್ರಮಗಳನ್ನೂ ಹಾಗೆಯೇ ತೆಗೆಯುವುದಾಗಿ ಪ್ಲೇಸ್ಟೇಷನ್ ಪ್ರಕಟಿಸಿತು; ಅದೇ ತಿಂಗಳಲ್ಲಿ ಹೊಸ ಒಪ್ಪಂದವಾಗಿ ನಿರ್ಧಾರ ಹಿಂದೆ ಸರಿಯಿತು. ಇಂಥ ದೂರುಗಳ ನಡುವೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ತಂದಿತು. ಕೊಡುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಬೈ’ ಎಂಬ ಪದ ಬಳಸುವಂತಿಲ್ಲ ಎಂಬ ಆ ನಿಯಮ 2025ರಿಂದ ಜಾರಿಯಲ್ಲಿದೆ. ಆ ಕಾನೂನು ಅಲ್ಲಿಯ ಗ್ರಾಹಕರಿಗಷ್ಟೇ.

ಖಾತೆಯನ್ನು ಮಕ್ಕಳಿಗೆ ಬಿಟ್ಟುಹೋಗುವುದೂ ಸುಲಭವಲ್ಲ. ಆ್ಯಪಲ್‌ನಲ್ಲಿ ಮರಣಾನಂತರ ಖಾತೆ ನೋಡಿಕೊಳ್ಳಲು ‘ಲೆಗಸಿ ಕಾಂಟ್ಯಾಕ್ಟ್’ ನೇಮಿಸಬಹುದು. ಅವರಿಗೆ ಫೋಟೊ, ಸಂದೇಶಗಳು ಸಿಗುತ್ತವೆ. ಹಣ ಕೊಟ್ಟು ಪಡೆದ ಸಿನಿಮಾ, ಹಾಡು, ಪುಸ್ತಕಗಳು ಸಿಗುವುದಿಲ್ಲ. ‘ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದೇನಲ್ಲ’ ಎನ್ನುವವರೂ ಗಮನಿಸಬೇಕು: ಆ್ಯಪ್‌ನೊಳಗಿನ ಡೌನ್‌ಲೋಡ್ ಬೀಗ ಹಾಕಿದ ಪೆಟ್ಟಿಗೆ, ಬೀಗದ ಕೈಯನ್ನು ಆಗಾಗ ಕಂಪನಿಯ ಸರ್ವರ್ ನವೀಕರಿಸುತ್ತಿರಬೇಕು.

ಡಿಸ್ಕ್‌ನ ವಿಷಯದಲ್ಲಿ ವಸ್ತು ನಿಮ್ಮದು, ಚಿತ್ರದ ಹಕ್ಕು ನಿರ್ಮಾಪಕರದು. ಮನೆಯಲ್ಲಿ ಎಷ್ಟು ಸಲ ಬೇಕಾದರೂ ನೋಡಬಹುದು, ಸ್ನೇಹಿತರಿಗೆ ನೋಡಲು ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಹಣಕ್ಕೆ ಬಾಡಿಗೆ ಕೊಡಲು, ಗಣೇಶನ ಪೆಂಡಾಲಿನಲ್ಲಿ ಊರಿಗೆಲ್ಲ ತೋರಿಸಲು ಹಕ್ಕುದಾರರ ಅನುಮತಿ ಬೇಕು. ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಮತ್ತು ಶಿಕ್ಷಣ ಸಂಸ್ಥೆಗಳು ಎರವಲು ಕೊಡುವುದನ್ನು ನಮ್ಮ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ‘ವಾಣಿಜ್ಯ ಬಾಡಿಗೆ’ಯಿಂದ ಹೊರಗಿಟ್ಟಿದೆ. ಊರಿನ ಗ್ರಂಥಾಲಯಗಳು ಡಿಸ್ಕ್ ಸಂಗ್ರಹ ಬೆಳೆಸಲು ಇದೊಂದು ಒಳ್ಳೆಯ ಅವಕಾಶ, ಹೆಚ್ಚಿನವರ ಗಮನಕ್ಕೇ ಬಂದಿಲ್ಲ.

ಡಿಸ್ಕೂ ಕೆಡುತ್ತದೆ

ಡಿಸ್ಕ್ ಇಟ್ಟುಕೊಂಡರೆ ಶಾಶ್ವತ ಎನ್ನುವುದೂ ಅರ್ಧ ನಿಜ. ಒಳಗಿನ ಅಲ್ಯೂಮಿನಿಯಂ ಪದರಕ್ಕೆ ಗಾಳಿ, ತೇವ ತಾಗಿದರೆ ಅದು ಉತ್ಕರ್ಷಣಗೊಂಡು ಹೊಳಪು ಕಳೆದುಕೊಳ್ಳುತ್ತದೆ. ಡಿವಿಡಿ ಎಂದರೆ 0.6 ಮಿ.ಮೀ.ನ ಎರಡು ಬಿಲ್ಲೆಗಳನ್ನು ಅಂಟಿಸಿದ್ದು. ಅಂಟು ಸರಿಯಿಲ್ಲದಿದ್ದರೆ ಅಂಚಿನಿಂದ ಬಣ್ಣಗೆಡುತ್ತ ಬರುತ್ತದೆ. ವಾರ್ನರ್ ಬ್ರದರ್ಸ್ 2006ರಿಂದ 2009ರ ಅವಧಿಯಲ್ಲಿ ತಯಾರಾದ ತನ್ನ ಕೆಲವು ಡಿವಿಡಿಗಳು ಹೀಗೆ ಕೆಡುತ್ತಿರುವುದನ್ನು 2025ರಲ್ಲಿ ಒಪ್ಪಿಕೊಂಡಿತು. ಗೀರಿಲ್ಲದ, ಪೆಟ್ಟಿಗೆಯಿಂದ ಹೊರಬರದ ಡಿಸ್ಕ್‌ಗಳೂ ಓದದಾಗಿದ್ದವು.

ಮೂರು ಬಗೆಯ ಡಿಸ್ಕ್‌ಗಳು ಮೂರು ಕಡೆ ಮೆದು. ಸಿ.ಡಿ.ಯಲ್ಲಿ ದತ್ತಾಂಶದ ಪದರ ಚಿತ್ರ ಅಚ್ಚಾದ ಬದಿಗೆ ತೀರ ಹತ್ತಿರ, ಮೇಲೆ ಬರೀ ತೆಳು ಮೆರುಗೆಣ್ಣೆ. ಆದ್ದರಿಂದ ಸಿ.ಡಿ.ಯನ್ನು ಬೋರಲು ಹಾಕಿದರೂ ಅಂಗಾತ ಹಾಕಿದರೂ ಅಪಾಯವೇ, ಬಾಲ್‌ಪೆನ್ನಿನಲ್ಲಿ ಹೆಸರು ಬರೆಯುವುದಂತೂ ಬೇಡವೇ ಬೇಡ. ಡಿವಿಡಿಯಲ್ಲಿ ಪದರ ನಟ್ಟನಡುವೆ ಇರುವುದರಿಂದ ಎರಡೂ ಬದಿಗೆ ರಕ್ಷಣೆಯಿದೆ, ಆದರೆ ಬಗ್ಗಿಸಿದರೆ ಅಂಟು ಬಿಡುತ್ತದೆ. ಬಿಗಿಯಾದ ಪೆಟ್ಟಿಗೆಯಿಂದ ಅಂಚು ಹಿಡಿದು ಕೀಳದೆ, ನಡುವಿನ ಗುಬ್ಬಿ ಒತ್ತಿ ತೆಗೆಯಬೇಕು. ಬ್ಲೂ-ರೇಯಲ್ಲಿ ಪದರ ಓದುವ ಬದಿಯಿಂದ 0.1 ಮಿ.ಮೀ. ಒಳಗಷ್ಟೇ ಇದೆ, ಅದಕ್ಕಾಗಿ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಸಣ್ಣಪುಟ್ಟ ಗೀರು ಅದಕ್ಕೆ ತಾಗುವುದಿಲ್ಲ, ಲೇಪ ದಾಟಿದ ಗೀರನ್ನು ಉಜ್ಜಿ ಸರಿಪಡಿಸಲೂ ಆಗುವುದಿಲ್ಲ.

ಒರೆಸುವಾಗ ಎಲ್ಲರೂ ಮಾಡುವ ತಪ್ಪು ತಟ್ಟೆ ಒರೆಸಿದಂತೆ ಸುತ್ತ ಉಜ್ಜುವುದು. ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು. ಕಾರಣ ಹೀಗಿದೆ: ಡಿಸ್ಕ್‌ನಲ್ಲಿ ದತ್ತಾಂಶದ ಜೊತೆ ತಪ್ಪು ತಿದ್ದಿಕೊಳ್ಳುವ ಹೆಚ್ಚುವರಿ ಮಾಹಿತಿಯೂ ಇರುತ್ತದೆ. ಅಡ್ಡ ಬಿದ್ದ ಗೀರು ಸುರುಳಿಯ ಪ್ರತಿ ಸುತ್ತಿನಲ್ಲೂ ಚೂರೇ ಚೂರು ಕೆಡಿಸುತ್ತದೆ, ಅದನ್ನು ಯಂತ್ರ ತಿದ್ದಿಕೊಳ್ಳುತ್ತದೆ. ಸುರುಳಿಯ ಉದ್ದಕ್ಕೂ ಬಿದ್ದ ಗೀರು ಒಂದೇ ಕಡೆ ಉದ್ದನೆಯ ಭಾಗ ನುಂಗುತ್ತದೆ, ಅದು ತಿದ್ದುವ ಶಕ್ತಿಗೆ ಮೀರಿದ್ದು. ಧೂಳನ್ನು ಮೊದಲು ಊದಿ ಅಥವಾ ನೀರಿನಲ್ಲಿ ತೊಳೆದು ಕಳೆಯಿರಿ, ಇಲ್ಲದಿದ್ದರೆ ಒರೆಸುವ ಬಟ್ಟೆಯಡಿ ಧೂಳೇ ಗೀರು ಹಾಕುತ್ತದೆ. ಜಿಡ್ಡಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ನೀರು, ಕನ್ನಡಕ ಒರೆಸುವ ಮೆದು ಬಟ್ಟೆ ಸಾಕು. ಪೆಟ್ರೋಲ್, ಥಿನ್ನರ್, ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ.

ಇಡುವುದು ಪುಸ್ತಕದಂತೆ ನೇರವಾಗಿ ನಿಲ್ಲಿಸಿ, ಬಿಸಿಲು ಬೀಳದ ಕಡೆ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ತೇವಕ್ಕೆ ಡಿಸ್ಕ್ ಮೇಲೂ ಕವರಿನ ಕಾಗದದ ಮೇಲೂ ಬೂಷ್ಟು ಹಿಡಿಯುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಟ್ಟು, ಮಳೆಗಾಲ ಶುರುವಾಗುವ ಮುಂಚೆ ಬದಲಿಸುವುದು ಒಳ್ಳೆಯದು.

ಈಗ ಡಿಸ್ಕ್ ಕೊಳ್ಳುವವರಿಗೆ

ಮೊದಲು ರೀಜನ್ ನೋಡಿ, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕೆಂದು ಹಾಕಿದ ಬೀಗ. ಡಿವಿಡಿಯಲ್ಲಿ ಭಾರತದ ಅಂಕಿ 5, ಅಮೆರಿಕದ್ದು 1. ಬ್ಲೂ-ರೇಯಲ್ಲಿ ಭಾರತ ಸಿ, ಅಮೆರಿಕ ಎ. ಅಲ್ಲಿಂದ ತರಿಸಿದ ಎ ರೀಜನ್ನಿನ ಬ್ಲೂ-ರೇ ಇಲ್ಲಿಯ ಪ್ಲೇಯರ್‌ನಲ್ಲಿ ಓಡದಿರಬಹುದು. ಎಲ್ಲ ರೀಜನ್ ಎಂದು ನಮೂದಿಸಿದ ಡಿಸ್ಕ್‌ಗೆ ಈ ತೊಂದರೆ ಇಲ್ಲ, 4ಕೆ ಬ್ಲೂ-ರೇಗೆ ರೀಜನ್ ಬೀಗವೇ ಇಲ್ಲ. ಡಿವಿಡಿಯಲ್ಲಿ ದೇಶದ ಟಿವಿ ಪದ್ಧತಿಗೆ ತಕ್ಕಂತೆ ಪಾಲ್, ಎನ್‌ಟಿಎಸ್‌ಸಿ ಎಂಬ ಇನ್ನೊಂದು ಭೇದವಿದೆ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಪಾಲ್‌ನಲ್ಲಿ 25ರಂತೆ ಓಡಿಸುವುದರಿಂದ 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ. ದೃಶ್ಯ ಕತ್ತರಿಸಿದ್ದಾರೆಂದು ಅಂಗಡಿಯವರೊಡನೆ ಜಗಳಕ್ಕಿಳಿಯುವ ಮುಂಚೆ ಇದನ್ನು ನೋಡಿಕೊಳ್ಳಿ.

ಪ್ಲೇಯರ್ ಸಿಗುವುದೇ ಈಗ ಕಷ್ಟದ ಭಾಗ. ಡಿವಿಡಿಗೆ ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಯುಎಸ್‌ಬಿ ಡ್ರೈವ್ ಮತ್ತು ವಿಎಲ್‌ಸಿ ತಂತ್ರಾಂಶ ಸಾಕು. ಬ್ಲೂ-ರೇಗೆ ಹಳೆಯ ಪ್ಲೇಸ್ಟೇಷನ್ 3 ಅಥವಾ 4 ನಡೆಯುತ್ತದೆ. 4ಕೆ ಡಿಸ್ಕ್‌ಗೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಆಗಬಹುದು. ಪ್ಲೇಸ್ಟೇಷನ್ 4 ಪ್ರೊ ಹೆಸರಿಗೆ 4ಕೆ ಆದರೂ 4ಕೆ ಡಿಸ್ಕ್ ಓದುವುದಿಲ್ಲ. ಸೆಕೆಂಡ್‌ಹ್ಯಾಂಡ್ ಪ್ಲೇಯರ್ ಕೊಳ್ಳುವಾಗ ಎರಡು ಪದರದ ಡಿಸ್ಕ್ ಒಂದನ್ನು ಒಯ್ದು, ಕೊನೆಯ ಅಧ್ಯಾಯಕ್ಕೆ ಹಾರಿ ನೋಡಿ. ಸೊರಗಿದ ಲೇಸರ್ ಮೊದಲು ಎಡವುವುದು ಎರಡನೆಯ ಪದರದಲ್ಲಿ.

ಕನ್ನಡ ಚಿತ್ರಗಳ ಸ್ಥಿತಿ

ಭಾರತದಲ್ಲಿ ಡಿಸ್ಕ್ ಅಗ್ಗವಾದದ್ದು ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿದ ಮೇಲೆ. ನಕಲಿ ಡಿಸ್ಕ್‌ನ ದರಕ್ಕೇ ಅಸಲಿ ಸಿಕ್ಕಿತು. ಅದೇ ಕಂಪನಿ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಪರಿಸಮಾಪ್ತಿಗೆ ಹೋಯಿತು. ಆ ಕಾಲದ ಅಗ್ಗದ ಡಿಸ್ಕ್‌ಗಳಲ್ಲಿ ಬಂದ ಹಳೆಯ ಚಿತ್ರಗಳಲ್ಲಿ ಎಷ್ಟೋ ಇಂದು ಯಾವ ಒಟಿಟಿಯಲ್ಲೂ ಇಲ್ಲ. ಯೂಟ್ಯೂಬ್‌ನಲ್ಲಿದ್ದರೆ ಮೂಲೆಯಲ್ಲಿ ಕಂಪನಿಯ ಮುದ್ರೆ ಬಿದ್ದ, ಅಂಚು ಕತ್ತರಿಸಿದ ಪ್ರತಿಯಾಗಿ ಇರುತ್ತವೆ. ಹೊಸ ಕನ್ನಡ ಚಿತ್ರಗಳಿಗೂ ಒಟಿಟಿ ಬಾಗಿಲು ಸಲೀಸಾಗಿ ತೆರೆಯುತ್ತಿಲ್ಲ. 2024ರಲ್ಲಿ ಒಂದು ಕನ್ನಡ ವೆಬ್ ಸರಣಿ ಯಾವ ಒಟಿಟಿಯೂ ಕೊಳ್ಳದೆ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಗಬೇಕಾಯಿತು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಪ್ರತಿಗಳು ಹೆಚ್ಚು ಮನೆಗಳಲ್ಲಿ ಇದ್ದಷ್ಟೂ ಒಂದಾದರೂ ಉಳಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ಅಟ್ಟದ ಮೇಲಿನ ಹಳೆಯ ಡಿಸ್ಕ್‌ಗಳ ಡಬ್ಬವನ್ನು ಗುಜರಿಗೆ ಹಾಕುವ ಮುಂಚೆ, ಅದರಲ್ಲಿರುವ ಚಿತ್ರಗಳು ಬೇರೆಲ್ಲಾದರೂ ಸಿಗುತ್ತವೆಯೇ ಎಂದು ಒಂದೊಂದಾಗಿ ಹುಡುಕಿ ನೋಡಬೇಕು.

ಮೊದಲು ಮದುವೆಯ ಡಿಸ್ಕ್

ಆ ಡಬ್ಬದಲ್ಲಿ ಸಿನಿಮಾಕ್ಕಿಂತ ತುರ್ತಾದ ಒಂದು ವಸ್ತು ಇರುತ್ತದೆ: 2000ರ ದಶಕದ ಮದುವೆ, ಉಪನಯನ, ನಾಮಕರಣಗಳ ವಿಸಿಡಿ, ಡಿವಿಡಿ. ಇವು ಕಾರ್ಖಾನೆಯಲ್ಲಿ ಅಚ್ಚೊತ್ತಿದವಲ್ಲ, ಸ್ಟುಡಿಯೊದವರು ಕಂಪ್ಯೂಟರ್‌ನಲ್ಲಿ ಬರೆದವು. ಬರೆಯುವ ಡಿಸ್ಕ್‌ನಲ್ಲಿ ಕುಳಿಗಳಿಲ್ಲ, ಲೇಸರ್ ಶಾಖಕ್ಕೆ ಬಣ್ಣ ಬದಲಿಸುವ ಸಾವಯವ ಬಣ್ಣದ ಪದರವಿದೆ. ಬಿಸಿಲಿಗೆ, ಸೆಕೆಗೆ ಆ ಬಣ್ಣ ಮಾಸುತ್ತದೆ, ಅಚ್ಚಿನ ಡಿಸ್ಕ್‌ಗಿಂತ ಬೇಗ. ಇವಕ್ಕೆ ಯಾವ ಒಟಿಟಿಯಲ್ಲೂ ಬದಲಿ ಪ್ರತಿಯಿಲ್ಲ.

ನಕಲು ತೆಗೆಯುವುದು ಸುಲಭ. ಡಿವಿಡಿಯಾದರೆ ಕಂಪ್ಯೂಟರ್‌ನಲ್ಲಿ ತೆರೆದು ‘ವಿಡಿಯೊ_ಟಿಎಸ್’ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕ್‌ಗೆ ಎಳೆದುಹಾಕಿ. ಅದರೊಳಗಿನ ವಿಒಬಿ ಕಡತಗಳು ಒಂದೊಂದು ಸುಮಾರು 1 ಜಿಬಿ ಇರುತ್ತವೆ. ವಿಸಿಡಿಯಾದರೆ ‘ಎಂಪೆಗ್‌ಎವಿ’ ಫೋಲ್ಡರಿನ ಡಿಎಟಿ ಕಡತ. ಎರಡನ್ನೂ ವಿಎಲ್‌ಸಿ ಓಡಿಸುತ್ತದೆ. ಫೋನಿನಲ್ಲಿ ನೋಡಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಎಂಪಿ4ಗೆ ಬದಲಿಸಿಕೊಳ್ಳಬಹುದು, ಆದರೆ ಮೂಲ ಕಡತ ಅಳಿಸಬೇಡಿ.

ಅರ್ಧಕ್ಕೆ ನಿಂತರೆ ಹೆದರದೆ ಡಿಸ್ಕ್ ತೊಳೆದು ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಓದದ ಡಿಸ್ಕನ್ನು ಮತ್ತೊಂದು ಓದುವುದು ಮಾಮೂಲು. ಅದೂ ಆಗದಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಉಪಕರಣ ಕೆಟ್ಟ ಭಾಗವನ್ನು ಬಿಟ್ಟು ಉಳಿದದ್ದನ್ನು ಮೊದಲು ಎತ್ತಿಕೊಂಡು, ಆಮೇಲೆ ಕೆಟ್ಟದ್ದಕ್ಕೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೆಲವು ಡಿಸ್ಕ್‌ಗಳು ಖಾಲಿ ಎಂದು ತೋರಿಸುತ್ತವೆ. ಮನೆಯ ಡಿವಿಡಿ ರೆಕಾರ್ಡರ್‌ನಲ್ಲಿ ಬರೆದು, ಬೇರೆ ಯಂತ್ರಗಳೂ ಓದುವಂತೆ ಮುಗಿತಾಯ ಮಾಡುವ ‘ಫೈನಲೈಜ್’ ಹಂತವನ್ನು ಮಾಡದೆ ಬಿಟ್ಟಿದ್ದರೆ ಹೀಗಾಗುತ್ತದೆ. ಬರೆದ ರೆಕಾರ್ಡರ್ ಇನ್ನೂ ಇದ್ದರೆ ಅದರ ಮೆನುವಿನಿಂದಲೇ ಆ ಕೆಲಸ ಮುಗಿಸಬಹುದು. ನಕಲನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿರುವ ಅಕ್ಕನಿಗೋ ತಮ್ಮನಿಗೋ ಕೊಟ್ಟಿಡಿ.